ಕೂಸು ನೋಡುವವಳ ಕೂಲಿಗೆ ರಸೀದಿ ಎಲ್ಲಿ?

ದುಡಿಯುವ ತಾಯ್ತಂದೆಯರ ದೊಡ್ಡದೊಂದು ವೆಚ್ಚಕ್ಕೆ ವರಮಾನ ತೆರಿಗೆಯ ತಃಖ್ತೆಯಲ್ಲಿ ಅಂಕಣವೇ ಇಲ್ಲ

ಫೆಬ್ರವರಿ ತಿಂಗಳು ಬಂತೆಂದರೆ ಸರ್ಕಾರಿ ನೌಕರರ ಸಂಸಾರಗಳಲ್ಲಿ ಒಂದು ವಿಶೇಷ ಗಡಿಬಿಡಿ ಕಾಣಿಸಿಕೊಳ್ಳುತ್ತದೆ. ಕಪಾಟಿನ ಮೂಲೆಯಿಂದ ಜೀವವಿಮೆಯ ಕಂತಿನ ಚೀಟಿಗಳು ಹೊರಬರುತ್ತವೆ. ಮಕ್ಕಳ ಶಾಲಾ ಶುಲ್ಕದ ರಸೀದಿಗಳಿಗಾಗಿ ಟ್ರಂಕಿನ ತಳದವರೆಗೆ ಹುಡುಕಾಟ ನಡೆಯುತ್ತದೆ. ಮನೆಸಾಲದ ಬಡ್ಡಿಯ ಪತ್ರಕ್ಕಾಗಿ ಯಜಮಾನರು ಬ್ಯಾಂಕಿಗೆ ಎಡತಾಕುತ್ತಾರೆ. ಫೆಬ್ರವರಿಯ ಸಂಬಳದ ಬಿಲ್ಲು ಸಿದ್ಧವಾಗುವ ಮುನ್ನ ವರ್ಷದ ವರಮಾನ ತೆರಿಗೆಯ ತಃಖ್ತೆಯನ್ನು ಕಚೇರಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಆ ತಿಂಗಳ ಸಂಬಳದಲ್ಲಿ ಕಡಿತ ಹೆಚ್ಚು. ಕಡಿತ ಹೆಚ್ಚಾದರೆ ಯುಗಾದಿಯ ಹೊಸ ಬಟ್ಟೆಗೆ ಸಂಚಕಾರ!

ಈ ಗಡಿಬಿಡಿಯ ನಡುವೆ ಅನೇಕ ಮನೆಗಳಲ್ಲಿ ಗೃಹಿಣಿಯೇ ಒಂದು ಪ್ರಶ್ನೆಯನ್ನೆತ್ತುತ್ತಾಳೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವಾಗ ಮಗುವನ್ನು ನೋಡಿಕೊಳ್ಳುವುದಕ್ಕಾಗಿ ತಿಂಗಳು ತಿಂಗಳು ಎಣಿಸಿಕೊಟ್ಟ ಹಣವನ್ನು ಯಾವ ಅಂಕಣದಲ್ಲಿ ಬರೆಯುವುದು? ವಿಮೆಗೆ ಅಂಕಣವಿದೆ, ಮನೆಗೆ ಅಂಕಣವಿದೆ, ಔಷಧೋಪಚಾರಕ್ಕೆ ಅಂಕಣವಿದೆ. ಆದರೆ ಯಾವ ಹಣವನ್ನು ಕೊಡದಿದ್ದರೆ ತಾಯಿ ಮನೆಯ ಹೊಸ್ತಿಲನ್ನೇ ದಾಟಲಾರಳೋ, ಆ ಹಣಕ್ಕೆ ಅಂಕಣವಿಲ್ಲ. ಅದಕ್ಕೆ ರಸೀದಿಯೂ ಇಲ್ಲ.

ನಾಲ್ಕು ತಾಲ್ಲೂಕು, ಒಂದೇ ಚಿಂತೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿದ್ದರೂ ವಿದ್ಯಾಭ್ಯಾಸದ ಲೆಕ್ಕಕ್ಕೆ ಒಂದು ಪ್ರತ್ಯೇಕ ಜಿಲ್ಲೆ. ಏಕಶಿಲೆಯ ಬೆಟ್ಟದ ಮಡಿಲಿನಲ್ಲಿರುವ ಮಧುಗಿರಿಯೇ ಈ ಶೈಕ್ಷಣಿಕ ಜಿಲ್ಲೆಯ ಕೇಂದ್ರ. ದೊಡ್ಡ ಕಾರ್ಖಾನೆಗಳು ವಿರಳವಾದ ಈ ಬಯಲುಸೀಮೆಯಲ್ಲಿ ತಿಂಗಳ ಸಂಬಳವನ್ನೇ ನಂಬಿದ ಸಂಸಾರವೆಂದರೆ ಬಹುಮಟ್ಟಿಗೆ ಶಿಕ್ಷಕರದು, ದಾದಿಯರದು, ಬ್ಯಾಂಕು ಮತ್ತು ತಾಲ್ಲೂಕು ಕಚೇರಿಗಳ ನೌಕರರದು. ಇವರ ಮನೆಗಳಲ್ಲಿ ಹೆಂಗಸರೂ ಸಂಪಾದಿಸುವುದು ಇಂದು ಹೊಸ ಸಂಗತಿಯಲ್ಲ.

ಆದರೆ ವಾಸವಿರುವ ಊರು ಒಂದು, ಕೆಲಸದ ಊರು ಮತ್ತೊಂದು. ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಶಿರಾ ಪಟ್ಟಣದಲ್ಲಿ ಮನೆ ಮಾಡಿಕೊಂಡವರಿಗೆ ಒಳನಾಡಿನ ಹಳ್ಳಿಯ ಶಾಲೆಗೆ ಬೆಳಗಿನ ಬಸ್ಸೇ ಗತಿ. ಪಾವಗಡವಂತೂ ಜಿಲ್ಲಾ ಕೇಂದ್ರದಿಂದ ಸುಮಾರು ೧೦೦ ಕಿಲೋಮೀಟರು ದೂರ. ಸುತ್ತಲೂ ಆಂಧ್ರದ ಸೀಮೆ, ಮನೆಮಾತಿನಲ್ಲಿ ಕನ್ನಡ–ತೆಲುಗುಗಳ ಬೆರಕೆ. ಅಲ್ಲಿಗೆ ವರ್ಗವಾಗಿ ಹೋದ ಹೊರ ತಾಲ್ಲೂಕಿನ ಶಿಕ್ಷಕಿಗೆ ಅತ್ತೆಯ ಮನೆಯೂ ದೂರ, ತವರೂ ದೂರ. ಬಾಣಂತಿತನದ ರಜೆ ಮುಗಿದ ಮರುದಿನ ಆರು ತಿಂಗಳ ಕೂಸನ್ನು ಯಾರ ಕೈಗೆ ಒಪ್ಪಿಸುವುದು?

ಉತ್ತರ ಬೀದಿಯಲ್ಲೇ ಇರುತ್ತದೆ. ಎರಡು ಮನೆಗಳಾಚೆ ಒಬ್ಬ ನಡುವಯಸ್ಸಿನ ಹೆಂಗಸು. ತನ್ನ ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದವಳು. ಬೆಳಗ್ಗೆ ಎಂಟಕ್ಕೆ ಬರುತ್ತಾಳೆ, ಸಂಜೆ ಐದೂವರೆಗೆ ಹೋಗುತ್ತಾಳೆ. ಮಗುವಿಗೆ ಎಣ್ಣೆ ನೀರು, ಗಂಜಿ, ನಿದ್ದೆ, ಆಟ ಎಲ್ಲವೂ ಅವಳದೇ. ಅವಳಿಗೆ ಆಯಾ ಎಂಬ ಹೆಸರೂ ಇಲ್ಲ. ‘ಕೂಸು ನೋಡುವ ಅಮ್ಮ’ ಎಂದಷ್ಟೇ ಪರಿಚಯ. ತಿಂಗಳ ಮೊದಲ ವಾರ ಅವಳ ಕೈಗೆ ನೋಟುಗಳನ್ನು ಇಡಲಾಗುತ್ತದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಲೇವಾದೇವಿ ಅಲ್ಲಿಗೆ ಮುಗಿಯಿತು. ಕಾಗದದ ಮೇಲೆ ಒಂದಕ್ಷರವೂ ಬೀಳಲಿಲ್ಲ.

ಕಾನೂನು ಕೊಡುವುದೆಷ್ಟು?

ಮೊದಲಿಗೆ ನೇರವಾದ ಮಾತು: ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟ ಸಂಬಳವನ್ನು ವರಮಾನದಿಂದ ಕಳೆಯಲು ಭಾರತದ ವರಮಾನ ತೆರಿಗೆ ಕಾನೂನು ಅವಕಾಶ ಕೊಟ್ಟಿಲ್ಲ. ರಸೀದಿ ಇಲ್ಲದಿದ್ದರಷ್ಟೇ ಅಲ್ಲ, ರಸೀದಿ ಇದ್ದರೂ ಇಲ್ಲ. ೧೯೬೧ರ ಕಾಯಿದೆಯಲ್ಲಿ ಅಂಥ ಕಲಮು ಇರಲಿಲ್ಲ. ಅದರ ಸ್ಥಾನದಲ್ಲಿ ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬಂದ ೨೦೨೫ರ ಕಾಯಿದೆಯಲ್ಲಿಯೂ ಇಲ್ಲ.

ಹಾಗಾದರೆ ಮಕ್ಕಳಿಗಾಗಿ ಕಾನೂನು ಏನನ್ನೂ ಕೊಟ್ಟಿಲ್ಲವೇ? ಕೊಟ್ಟಿದೆ, ಆದರೆ ಪಾಲನೆಗಲ್ಲ, ಪಾಠಕ್ಕೆ. ಹಳೆಯ ಕಾಯಿದೆಯ ೮೦ಸಿ ಎಂಬ ಪ್ರಸಿದ್ಧ ಕಲಮು ಮಕ್ಕಳ ಬೋಧನಾ ಶುಲ್ಕವನ್ನು ಕಳೆಯಲು ಅವಕಾಶವಿತ್ತಿತ್ತು. ಹೊಸ ಕಾಯಿದೆಯಲ್ಲಿ ಅದೇ ವಿಷಯ ೧೨೩ನೆಯ ಕಲಮಿನಲ್ಲಿ ಬಂದಿದೆ. ಭಾರತದಲ್ಲಿರುವ ಶಾಲೆ ಕಾಲೇಜುಗಳಿಗೆ ಪೂರ್ಣಾವಧಿ ವಿದ್ಯಾಭ್ಯಾಸಕ್ಕಾಗಿ ತೆತ್ತ ಬೋಧನಾ ಶುಲ್ಕ ಮಾತ್ರ ಇದಕ್ಕೆ ಅರ್ಹ. ಅಭಿವೃದ್ಧಿ ನಿಧಿ, ವಂತಿಗೆ ಮುಂತಾದುವು ಸಲ್ಲವು. ಒಬ್ಬ ತೆರಿಗೆದಾರನಿಗೆ ಇಬ್ಬರು ಮಕ್ಕಳ ಮಿತಿ. ತಂದೆ ತಾಯಿಗಳಿಬ್ಬರೂ ತೆರಿಗೆದಾರರಾಗಿದ್ದರೆ, ತಾವು ತಾವು ಕಟ್ಟಿದ ಶುಲ್ಕವನ್ನು ತಮ್ಮ ತಮ್ಮ ಲೆಕ್ಕದಲ್ಲಿ ತೋರಿಸಬಹುದು.

ಎಳೆಯ ಮಕ್ಕಳಿರುವವರಿಗೆ ಇಲ್ಲಿ ಒಂದು ಸಣ್ಣ ಕಿಂಡಿ ತೆರೆದಿದೆ. ಆಟದ ಶಾಲೆ, ಪೂರ್ವ ನರ್ಸರಿ ಮತ್ತು ನರ್ಸರಿ ತರಗತಿಗಳೂ ಪೂರ್ಣಾವಧಿ ವಿದ್ಯಾಭ್ಯಾಸದಲ್ಲಿ ಸೇರುತ್ತವೆಂದು ನೇರ ತೆರಿಗೆಗಳ ಕೇಂದ್ರ ಮಂಡಲಿ ೮೦ಸಿ ಕಲಮಿನ ಕಾಲದಲ್ಲೇ ತನ್ನ ಸುತ್ತೋಲೆಗಳಲ್ಲಿ ಸ್ಪಷ್ಟಪಡಿಸಿತ್ತು. ಆದ್ದರಿಂದ ಮೂರು ವರ್ಷದ ಮಗು ಆಟದ ಶಾಲೆಗೆ ಹೋಗುತ್ತಿದ್ದರೆ ಅದರ ಬೋಧನಾ ಶುಲ್ಕದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬೋಧನಾ ಶುಲ್ಕವನ್ನು ವ್ಯಾನಿನ ಬಾಡಿಗೆ, ಊಟ, ಸಮವಸ್ತ್ರಗಳಿಂದ ಬೇರೆಯಾಗಿ ನಮೂದಿಸಿಕೊಡುವಂತೆ ಶಾಲೆಯವರನ್ನು ಕೇಳಿಕೊಳ್ಳುವುದು ಉತ್ತಮ.

ಆದರೆ ಈ ಕಿಂಡಿಯೂ ಬಹಳ ಇಕ್ಕಟ್ಟಿನದು. ವಿಮೆ, ಭವಿಷ್ಯನಿಧಿ, ಮನೆಸಾಲದ ಅಸಲು, ಬೋಧನಾ ಶುಲ್ಕ ಎಲ್ಲವೂ ಸೇರಿ ವರ್ಷಕ್ಕೆ ೧,೫೦,೦೦೦ ರೂಪಾಯಿ ಮಿತಿ. ೨೦೧೪ರಲ್ಲಿ ಗೊತ್ತಾದ ಮಿತಿಯಿದು. ಸರ್ಕಾರಿ ನೌಕರರಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಕಂತು, ಭವಿಷ್ಯನಿಧಿ ಅಥವಾ ಪಿಂಚಣಿಯ ವಂತಿಗೆ, ಜೊತೆಗೆ ಜೀವವಿಮೆ ಕೂಡಿದರೆ ಈ ಪಾತ್ರೆ ಆಗಲೇ ತುಂಬಿಬಿಡುತ್ತದೆ. ಶಾಲೆಯ ರಸೀದಿ ಅಂಚಿನಿಂದ ಹೊರಚೆಲ್ಲುತ್ತದೆ. ಸಾಲದುದಕ್ಕೆ ಈ ಕಳೆಯುವಿಕೆಯೆಲ್ಲ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ೨೦೨೩ರ ಏಪ್ರಿಲಿನಿಂದ ಸಹಜವಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಬೋಧನಾ ಶುಲ್ಕಕ್ಕೂ ವಿಮೆಗೂ ಸ್ಥಾನವಿಲ್ಲ. ಬದಲಾಗಿ, ೨೦೨೫ರ ಆಯವ್ಯಯದ ಪ್ರಕಾರ, ಸಂಬಳದಾರರಿಗೆ ೭೫,೦೦೦ ರೂಪಾಯಿಗಳ ನಿಗದಿತ ಕಡಿತವನ್ನು ಕಳೆದ ಮೇಲೆ ವರಮಾನ ೧೨ ಲಕ್ಷದೊಳಗಿದ್ದರೆ ತೆರಿಗೆಯೇ ಇಲ್ಲ. ಈ ತಾಲ್ಲೂಕುಗಳ ಅನೇಕ ಶಿಕ್ಷಕ ದಂಪತಿಗಳು ಪ್ರತ್ಯೇಕ ಪ್ರತ್ಯೇಕವಾಗಿ ಈ ಮಿತಿಯೊಳಗೇ ಬರುತ್ತಾರೆ. ಅಂಥವರಿಗೆ ಫೆಬ್ರವರಿಯ ಹುಡುಕಾಟವೇ ಅನಾವಶ್ಯಕ!

ಆದಕಾರಣ ರಸೀದಿಗಳ ಕಂತೆಯನ್ನು ಬಿಚ್ಚುವ ಮುನ್ನ ಎರಡೂ ಪದ್ಧತಿಗಳಲ್ಲಿ ತೆರಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ನೋಡುವುದು ಜಾಣತನ. ಎಷ್ಟೋ ಮನೆಗಳಲ್ಲಿ ಆ ಲೆಕ್ಕವೇ ಪ್ರಶ್ನೆಯನ್ನು ಮುಗಿಸುತ್ತದೆ.

ಸುಳ್ಳು ರಸೀದಿಯ ಬೆಲೆ

ತೆರಿಗೆಯ ಹೊರೆ ಉಳಿದವರಿಗೆ ಒಂದು ದುರಾಲೋಚನೆ ಹೊಳೆಯುವುದುಂಟು. ಆಯಾಳ ಸಂಬಳವನ್ನೇ ಯಾವುದಾದರೂ ಆಟದ ಶಾಲೆಯ ಶುಲ್ಕವೆಂದು ಬರೆಸಿಕೊಂಡರೆ ಹೇಗೆ? ಹಣ ಖರ್ಚಾದುದಂತೂ ನಿಜ. ಮಗುವಿಗಾಗಿಯೇ ಖರ್ಚಾದುದೂ ನಿಜ. ಹೆಸರು ಮಾತ್ರ ಬೇರೆ! ಪರಿಚಯದವರ ಶಾಲೆಯೊಂದರ ಖಾಲಿ ರಸೀದಿ ಪುಸ್ತಕ ಸಿಕ್ಕಿದರೆ ಕೆಲಸ ಸುಲಭವೆಂದು ತೋರುತ್ತದೆ.

ಲೆಕ್ಕದಿಂದಲೇ ಇದರ ಫಲವನ್ನು ನೋಡಬಹುದು. ಆಯಾಳಿಗೆ ತಿಂಗಳಿಗೆ ೫,೦೦೦ ರೂಪಾಯಿಯಂತೆ ವರ್ಷಕ್ಕೆ ೬೦,೦೦೦ ರೂಪಾಯಿ ಸಂದಿದೆಯೆಂದೂ, ತೆರಿಗೆದಾರರು ಹಳೆಯ ಪದ್ಧತಿಯಲ್ಲಿ ಶೇಕಡ ೨೦ರ ಹಂತದಲ್ಲಿರುವರೆಂದೂ ಇಟ್ಟುಕೊಂಡರೆ, ಸುಳ್ಳು ರಸೀದಿಯಿಂದ ಉಳಿಯುವುದು ಶೇಕಡ ೪ರ ಸೆಸ್ಸೂ ಸೇರಿ ೧೨,೪೮೦ ರೂಪಾಯಿ. ವರಮಾನವನ್ನು ತಪ್ಪಾಗಿ ತೋರಿಸಿದ್ದಕ್ಕೆ ವಿಧಿಸಬಹುದಾದ ದಂಡ ತಪ್ಪಿಸಿದ ತೆರಿಗೆಯ ಶೇಕಡ ೨೦೦. ಅಂದರೆ ೨೪,೯೬೦ ರೂಪಾಯಿ. ಮೂಲ ತೆರಿಗೆಯನ್ನೂ ಕೂಡಿದರೆ ೩೭,೪೪೦ ರೂಪಾಯಿ, ಬಡ್ಡಿ ಬೇರೆ. ಉಳಿಸಹೊರಟಿದ್ದರ ಮೂರು ಪಟ್ಟು ಕೈಬಿಟ್ಟು ಹೋಗುತ್ತದೆ. ಸರ್ಕಾರಿ ನೌಕರನಾದರೆ ಹಣದ ದಂಡಕ್ಕಿಂತ ಇಲಾಖೆಯ ಎದುರು ತಲೆತಗ್ಗಿಸಬೇಕಾದ ಪ್ರಸಂಗವೇ ಘೋರ.

‘ಯಾರು ನೋಡುತ್ತಾರೆ?’ ಎಂಬ ಮಾತು ಹಿಂದೆ ನಡೆಯುತ್ತಿತ್ತೇನೋ, ಈಗ ನಡೆಯದು. ಸಂಬಳ, ಬ್ಯಾಂಕು, ವಿಮೆ ಎಲ್ಲದರ ವಿವರಗಳೂ ಇಂದು ಇಲಾಖೆಯ ಗಣಕಯಂತ್ರಗಳಲ್ಲಿ ಒಂದಕ್ಕೊಂದು ತಾಳೆಯಾಗುತ್ತವೆ. ೨೦೨೫ರ ಜುಲೈ ೧೪ರಂದು ವರಮಾನ ತೆರಿಗೆ ಇಲಾಖೆ ಸುಳ್ಳು ಕಳೆಯುವಿಕೆಗಳನ್ನು ಬರೆಸಿಕೊಡುತ್ತಿದ್ದ ಮಧ್ಯವರ್ತಿಗಳನ್ನು ಹುಡುಕುತ್ತ ದೇಶಾದ್ಯಂತ ೧೫೦ ಸ್ಥಳಗಳಲ್ಲಿ ತಪಾಸಣೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು ೪೦,೦೦೦ ತೆರಿಗೆದಾರರು ೧,೦೪೫ ಕೋಟಿ ರೂಪಾಯಿಗಳ ಸುಳ್ಳು ಬೇಡಿಕೆಗಳನ್ನು ತಾವಾಗಿಯೇ ಹಿಂದಕ್ಕೆ ಪಡೆದಿದ್ದರೆಂದು ಇಲಾಖೆ ಅಂದು ಪ್ರಕಟಿಸಿತು. ಹೆಚ್ಚು ಹಣ ವಾಪಸು ಕೊಡಿಸುವೆವೆಂದು ಬಂದ ಮಧ್ಯವರ್ತಿ ತನ್ನ ದಲಾಲಿಯನ್ನು ತೆಗೆದುಕೊಂಡು ಮರೆಯಾಗುತ್ತಾನೆ. ಸಹಿ ಮಾಡಿದವನು ಉಳಿಯುತ್ತಾನೆ.

ಈಗಾಗಲೇ ಎಡವಿದವರಿಗೂ ದಾರಿಯಿದೆ. ತಪ್ಪನ್ನು ಸರಿಪಡಿಸಿದ ಪರಿಷ್ಕೃತ ವಿವರಪಟ್ಟಿಯನ್ನು ಹೆಚ್ಚುವರಿ ತೆರಿಗೆಯೊಡನೆ ಸಲ್ಲಿಸಲು ಹಿಂದೆ ಇದ್ದ ೨೪ ತಿಂಗಳ ಗಡುವನ್ನು ೨೦೨೫ರಲ್ಲಿ ೪೮ ತಿಂಗಳಿಗೆ ವಿಸ್ತರಿಸಲಾಯಿತು. ನೋಟೀಸು ಬಾಗಿಲಿಗೆ ಬರುವ ಮೊದಲೇ ಬಾಗಿಲು ತೆರೆದು ಹೋಗುವುದು ಮಾನವಂತರ ಹಾದಿ.

ಸ್ವಂತ ಖರ್ಚೋ, ಸಂಪಾದನೆಯ ಖರ್ಚೋ?

ಇಷ್ಟಾದರೂ ಗೃಹಿಣಿಯ ಪ್ರಶ್ನೆಗೆ ಸಮಾಧಾನ ದೊರೆಯಲಿಲ್ಲ. ಅಂಗಡಿಯವನು ಗುಮಾಸ್ತನಿಗೆ ಕೊಟ್ಟ ಸಂಬಳವನ್ನು ಲಾಭದಿಂದ ಕಳೆಯಬಹುದಾದರೆ, ಶಿಕ್ಷಕಿ ತಾನು ಶಾಲೆಗೆ ಹೋಗುವುದಕ್ಕಾಗಿಯೇ ಕೊಟ್ಟ ಸಂಬಳವನ್ನು ಏಕೆ ಕಳೆಯಬಾರದು?

ಈ ಪ್ರಶ್ನೆ ಮಧುಗಿರಿಯಲ್ಲಿ ಹುಟ್ಟಿದ್ದಲ್ಲ; ಜಗತ್ತಿನ ದೊಡ್ಡ ನ್ಯಾಯಾಲಯಗಳು ಇದನ್ನು ಎದುರಿಸಿವೆ. ಅಮೆರಿಕದ ಸ್ಮಿತ್ ಎಂಬ ದಂಪತಿಗಳಿಬ್ಬರೂ ಕೆಲಸ ಮಾಡುತ್ತಿದ್ದುದರಿಂದ ಮಗುವಿಗೆ ದಾದಿಯನ್ನು ಇಟ್ಟುಕೊಂಡಿದ್ದರು. ದಾದಿಯಿಲ್ಲದೆ ಪತ್ನಿಯ ಸಂಪಾದನೆಯಿಲ್ಲವೆಂಬುದು ಅವರ ವಾದ. ೧೯೩೯ರಲ್ಲಿ ಅಲ್ಲಿನ ತೆರಿಗೆ ಮೇಲ್ಮನವಿ ಮಂಡಲಿ ಆ ವಾದವನ್ನು ತಳ್ಳಿಹಾಕಿತು. ಹಾಗೆ ನೋಡಿದರೆ ಊಟ, ಬಟ್ಟೆ, ಮನೆ ಇವಿಲ್ಲದೆಯೂ ಯಾರೂ ದುಡಿಯಲಾರರು. ಅವನ್ನೆಲ್ಲ ಕಳೆಯುತ್ತ ಹೋದರೆ ತೆರಿಗೆಗೆ ಉಳಿಯುವುದೇನು ಎಂಬುದು ಮಂಡಲಿಯ ತರ್ಕ. ಮಕ್ಕಳ ಪಾಲನೆ ತಾಯಿಯ ಸಹಜ ಕರ್ತವ್ಯ, ಆದ್ದರಿಂದ ಅದು ಸಂಸಾರದ ಸ್ವಂತ ಖರ್ಚು ಎಂಬ ಭಾವನೆ ಅದರ ಬುಡದಲ್ಲಿತ್ತು. ಆದರೆ ತೀರ್ಪು ನಿಂತರೂ ಪ್ರಶ್ನೆ ನಿಲ್ಲಲಿಲ್ಲ. ೧೯೫೪ರಲ್ಲಿ ಅಮೆರಿಕದ ಶಾಸನಸಭೆಯೇ ದುಡಿಯುವ ತಾಯಂದಿರಿಗೆ ವರ್ಷಕ್ಕೆ ೬೦೦ ಡಾಲರುಗಳವರೆಗೆ ಕಳೆಯುವಿಕೆ ಕೊಟ್ಟಿತು. ೧೯೭೬ರಲ್ಲಿ ಅದನ್ನು ತೆರಿಗೆಯಲ್ಲೇ ರಿಯಾಯಿತಿಯಾಗಿ ಮಾರ್ಪಡಿಸಿತು.

ಕೆನಡಾ ದೇಶ ೧೯೭೨ರಿಂದ ಶಿಶುಪಾಲನೆಯ ವೆಚ್ಚಕ್ಕೆ ಮಿತಿಯುಳ್ಳ ಕಳೆಯುವಿಕೆಯನ್ನು ಕೊಡುತ್ತಿದೆ. ಆ ಮಿತಿ ಸಾಲದೆಂದು ಬೆತ್ ಸೈಮ್ಸ್ ಎಂಬ ನ್ಯಾಯವಾದಿ ದಾದಿಯ ಪೂರ್ತಿ ಸಂಬಳವನ್ನು ತನ್ನ ವೃತ್ತಿಯ ಖರ್ಚೆಂದು ತೋರಿಸಿದಾಗ ಪ್ರಕರಣ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೯೩ರಲ್ಲಿ ಏಳು ನ್ಯಾಯಮೂರ್ತಿಗಳು ಆಕೆಯ ವಿರುದ್ಧವಾಗಿಯೂ ಇಬ್ಬರು ಪರವಾಗಿಯೂ ತೀರ್ಪಿತ್ತರು. ಪರವಾಗಿದ್ದ ಇಬ್ಬರೂ ಮಹಿಳೆಯರು. ವಿರುದ್ಧವಾಗಿದ್ದ ಏಳು ಮಂದಿಯೂ ಪುರುಷರು. ಈ ಸಂಗತಿಗೆ ವ್ಯಾಖ್ಯಾನ ಬೇಕಾಗಿಲ್ಲ.

ಭಾರತವೂ ಒಮ್ಮೆ ಮಕ್ಕಳತ್ತ ಕಣ್ಣು ಹಾಯಿಸಿತ್ತು. ೧೯೫೭ರ ಆಯವ್ಯಯದಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ವಿವಾಹಿತರ ತೆರಿಗೆ ವಿನಾಯಿತಿಗೆ ಮಗುವೊಂದಕ್ಕೆ ೩೦೦ ರೂಪಾಯಿಯಂತೆ ಇಬ್ಬರು ಮಕ್ಕಳವರೆಗೆ ಹೆಚ್ಚುವರಿ ಸೇರಿಸಿದರು. ಅದಕ್ಕೆ ಯಾವ ರಸೀದಿಯೂ ಬೇಕಿರಲಿಲ್ಲ. ಮನೆಯಲ್ಲಿ ಮಗುವಿದ್ದರೆ ಸಾಕಾಗಿತ್ತು. ಕಾಲಾಂತರದಲ್ಲಿ ಆ ವಿನಾಯಿತಿ ಕಾನೂನಿನಿಂದ ಮರೆಯಾಯಿತು. ಇಂದು ಅದರ ನೆನಪೂ ಉಳಿದಿಲ್ಲ.

ಕಡಲಾಚೆಯ ಕನ್ನಡ ಮನೆಗಳಲ್ಲಿ

ಈ ತಾಲ್ಲೂಕುಗಳ ಮಕ್ಕಳೇ ಓದಿ ಇಂಜಿನಿಯರುಗಳಾಗಿ ಕಡಲಾಚೆ ನೆಲೆಸಿರುವುದುಂಟು. ಅಲ್ಲಿ ಇದೇ ಪ್ರಶ್ನೆ ತಲೆಕೆಳಗಾಗಿ ಎದ್ದು ನಿಲ್ಲುತ್ತದೆ. ಇಲ್ಲಿ ಖರ್ಚುಂಟು, ಕಾನೂನಿಲ್ಲ. ಅಲ್ಲಿ ಕಾನೂನುಂಟು, ಆದರೆ ರಸೀದಿಯಿಲ್ಲದೆ ಅದು ಮಾತನಾಡದು.

ಅಮೆರಿಕದಲ್ಲಿ ೧೩ ವರ್ಷದೊಳಗಿನ ಒಂದು ಮಗುವಿನ ಪಾಲನೆಗೆ ವರ್ಷಕ್ಕೆ ೩,೦೦೦ ಡಾಲರು, ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ೬,೦೦೦ ಡಾಲರುಗಳವರೆಗಿನ ವೆಚ್ಚವನ್ನು ಲೆಕ್ಕಕ್ಕೆ ಹಿಡಿದು, ಅದರ ಒಂದು ಅಂಶವನ್ನು ತೆರಿಗೆಯಲ್ಲಿ ಬಿಡುತ್ತಾರೆ. ಇದಕ್ಕೆ ೨೪೪೧ನೆಯ ಫಾರಮು. ಅದರಲ್ಲಿ ಮಗುವನ್ನು ನೋಡಿಕೊಂಡವರ ಹೆಸರು, ವಿಳಾಸ, ತೆರಿಗೆ ಸಂಖ್ಯೆ ಮೂರನ್ನೂ ಬರೆಯಬೇಕು. ಈ ವಿವರಗಳನ್ನು ಅವರಿಂದ ಬರೆಸಿಕೊಳ್ಳುವುದಕ್ಕೆಂದೇ ಡಬ್ಲ್ಯು–೧೦ ಎಂಬ ಇನ್ನೊಂದು ಫಾರಮಿದೆ. ಕೆನಡಾದಲ್ಲಿ ಟಿ–೭೭೮ ಫಾರಮು. ಏಳು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ೮,೦೦೦ ಡಾಲರುಗಳ ಮಿತಿ. ಬಹುತೇಕ ಸಂದರ್ಭಗಳಲ್ಲಿ ದಂಪತಿಗಳಲ್ಲಿ ಕಡಿಮೆ ವರಮಾನವಿರುವವರೇ ಕೇಳಬೇಕು. ದಾದಿ ಕೊಡುವ ರಸೀದಿಯಲ್ಲಿ ಆಕೆಯ ಸಾಮಾಜಿಕ ವಿಮಾ ಸಂಖ್ಯೆ ಇರಬೇಕು. ರಸೀದಿಗಳನ್ನು ಆರು ವರ್ಷ ಕಾಪಾಡಬೇಕು.

ದಾದಿ ಸಂಖ್ಯೆ ಕೊಡಲು ಒಪ್ಪದಿದ್ದರೆ? ಆಕೆಗೆ ತನ್ನದೇ ಆದ ಭಯ: ಬರೆದುಕೊಟ್ಟರೆ ತನ್ನ ವರಮಾನವೂ ತೆರಿಗೆಯವರ ಕಣ್ಣಿಗೆ ಬೀಳುತ್ತದೆ. ಅಮೆರಿಕದ ಕಾನೂನು ಇಂಥ ಸಂದರ್ಭಕ್ಕೆ ಒಂದು ಉಪಾಯ ಇಟ್ಟಿದೆ. ತಿಳಿದಷ್ಟು ವಿವರಗಳನ್ನು, ಅಂದರೆ ಹೆಸರು ವಿಳಾಸಗಳನ್ನಾದರೂ, ಬರೆದು, ಸಂಖ್ಯೆಯನ್ನು ಕೇಳಿದರೂ ಆಕೆ ಕೊಡಲಿಲ್ಲವೆಂಬ ಹೇಳಿಕೆಯನ್ನು ಲಗತ್ತಿಸಿದರೆ, ತೆರಿಗೆದಾರರು ಯಥೋಚಿತ ಪ್ರಯತ್ನ ಮಾಡಿದರೆಂದು ಭಾವಿಸಲು ಅವಕಾಶವಿದೆ. ಚೆಕ್ಕುಗಳು, ಬ್ಯಾಂಕಿನ ಲೆಕ್ಕ, ದಿನಚರಿಯ ಟಿಪ್ಪಣಿ ಇವು ಆಗ ನೆರವಾಗುತ್ತವೆ. ಏನೂ ಇಲ್ಲದೆ ಬರಿಯ ಬಾಯಿಮಾತಿನಿಂದ ಬಂದವರನ್ನು ಕಾನೂನು ನಂಬುವುದಿಲ್ಲ.

ಇನ್ನು ನಮ್ಮವರಿಗೇ ವಿಶಿಷ್ಟವಾದ ಒಂದು ಸಂದರ್ಭ: ಮೊಮ್ಮಗುವನ್ನು ನೋಡಿಕೊಳ್ಳಲು ಕೊರಟಗೆರೆಯಿಂದಲೋ ಶಿರಾದಿಂದಲೋ ವಿಮಾನವೇರಿ ಹೋದ ಅಜ್ಜಿ. ಅಲ್ಲಿಯೇ ನೆಲೆಸಿ, ಕೆಲಸದ ಹಕ್ಕು ಪಡೆದು, ಮಕ್ಕಳ ಅವಲಂಬಿತೆಯಾಗಿರದ ಅಜ್ಜಿಗೆ ನಿಜವಾಗಿ ಹಣ ಕೊಟ್ಟರೆ ಅದನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಅದು ಅಜ್ಜಿಯ ವರಮಾನವಾಗುತ್ತದೆ. ಸಂದರ್ಶಕಳಾಗಿ ಆರು ತಿಂಗಳಿಗೆ ಹೋದ ಅಜ್ಜಿಯಾದರೋ ಸಂಬಳದ ಕೆಲಸ ಮಾಡುವಂತೆಯೇ ಇಲ್ಲ. ಆಕೆಯ ಹೆಸರಿನಲ್ಲಿ ಕೃತಕ ರಸೀದಿ ಸೃಷ್ಟಿಸಿದರೆ ತೆರಿಗೆಯ ತಪ್ಪಿನೊಡನೆ ವೀಸಾದ ತಪ್ಪೂ ಸೇರಿ, ಮುಂದಿನ ಪ್ರಯಾಣಕ್ಕೇ ಕುತ್ತು ಬರಬಹುದು. ಅಜ್ಜಿಯ ಪ್ರೀತಿಗೆ ಬೆಲೆ ಕಟ್ಟದಿರುವುದೇ ಇಲ್ಲಿ ಕ್ಷೇಮ.

ರಸೀದಿ ಯಾರಿಗಾಗಿ?

ಕಡಲಾಚೆಯ ದಾದಿಯ ಭಯಕ್ಕೂ ಪಾವಗಡದ ಬೀದಿಯ ಹೆಂಗಸಿನ ಭಯಕ್ಕೂ ದೂರವೇನಿಲ್ಲ. ‘ಇದಕ್ಕೆ ಸಹಿ ಹಾಕಮ್ಮ’ ಎಂದು ಕಾಗದ ಮುಂದಿಟ್ಟರೆ ಅವಳು ಹಿಂಜರಿಯುತ್ತಾಳೆ. ಎಲ್ಲಿ ಪಡಿತರ ಚೀಟಿ ಕಳೆದುಹೋಗುವುದೋ, ಎಲ್ಲಿ ತನಗೇ ತೆರಿಗೆ ಬೀಳುವುದೋ! ಎರಡನೆಯ ಭಯಕ್ಕೆ ಆಧಾರವಿಲ್ಲ. ವರ್ಷಕ್ಕೆ ೬೦,೦೦೦ ರೂಪಾಯಿ ಸಂಪಾದಿಸುವವರು ವರಮಾನ ತೆರಿಗೆಯ ಗಡಿಯಿಂದ ಬಹುದೂರ. ಹಳೆಯ ಪದ್ಧತಿಯಲ್ಲಿ ೨,೫೦,೦೦೦ ರೂಪಾಯಿವರೆಗೆ, ಹೊಸ ಪದ್ಧತಿಯಲ್ಲಿ ೪ ಲಕ್ಷದವರೆಗೆ ತೆರಿಗೆಯ ಮಾತೇ ಇಲ್ಲ. ಮೊದಲನೆಯ ಭಯವನ್ನು ಮಾತ್ರ ಹಗುರವಾಗಿ ಕಾಣಲಾಗದು. ಅಕ್ಕಿಯ ಚೀಟಿ ಬಡವರ ಪಾಲಿಗೆ ಬರಿಯ ಕಾಗದವಲ್ಲ. ಅವಳ ಒಪ್ಪಿಗೆಯಿಲ್ಲದೆ ಅವಳ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ತೆರಿಗೆಗೆ ಬಾರದ ರಸೀದಿಯ ಗೊಡವೆಯಾದರೂ ಏಕೆ ಎಂದು ಯಜಮಾನರು ಕೇಳಬಹುದು. ಪ್ರಯೋಜನ ಇರುವುದು ಮನೆಯೊಡತಿಗಲ್ಲ, ಕೂಸು ನೋಡುವವಳಿಗೆ. ಕರ್ನಾಟಕ ೨೦೦೪ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿ ದೇಶಕ್ಕೆ ಮಾದರಿಯಾಯಿತು. ಆ ಕೆಲಸಗಳ ಪಟ್ಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿತ್ತು. ಆದರೆ ಯಾವ ತಿಂಗಳು ಎಷ್ಟು ದಿನ ದುಡಿದೆ, ಎಷ್ಟು ಪಡೆದೆ ಎಂಬುದಕ್ಕೆ ಕುರುಹಿಲ್ಲದವಳು ಕನಿಷ್ಠ ವೇತನವನ್ನು ಕೇಳುವುದೆಂತು? ಹತ್ತು ವರ್ಷಗಳಲ್ಲಿ ಐದಾರು ಮನೆಗಳ ಮಕ್ಕಳನ್ನು ಎತ್ತಿ ಆಡಿಸಿದವಳು ಬ್ಯಾಂಕಿನ ಮುಂದೆ ಸಣ್ಣ ಸಾಲಕ್ಕೆ ನಿಂತಾಗ ‘ನಿನ್ನ ವರಮಾನಕ್ಕೆ ಆಧಾರವೇನು?’ ಎಂಬ ಪ್ರಶ್ನೆಗೆ ಮೌನವೇ ಉತ್ತರವಾಗುತ್ತದೆ. ಅಸಂಘಟಿತ ಕಾರ್ಮಿಕರಿಗಾಗಿ ೨೦೨೧ರ ಆಗಸ್ಟಿನಲ್ಲಿ ಆರಂಭವಾದ ಇ–ಶ್ರಮ್ ನೋಂದಣಿಯಲ್ಲಿ ೧೬ರಿಂದ ೫೯ ವರ್ಷದೊಳಗಿನ ಮನೆಗೆಲಸದವರೂ ಹೆಸರು ಬರೆಸಬಹುದು. ಆದರೆ ಎಷ್ಟೋ ಹೆಂಗಸರು ತಮ್ಮದು ಕೆಲಸವೆಂದೇ ಭಾವಿಸಿಲ್ಲ. ‘ಸುಮ್ಮನೆ ಮಗು ನೋಡಿಕೊಳ್ಳುತ್ತೇನೆ’ ಎನ್ನುತ್ತಾರೆ!

ಉಪಾಯ ಸರಳವಾದುದು. ಎರಡು ಸಾಲುಗಳುಳ್ಳ ಒಂದು ಚಿಕ್ಕ ಪುಸ್ತಕ ಸಾಕು: ಇಂಥ ತಿಂಗಳು, ಇಷ್ಟು ದಿನ, ಇಷ್ಟು ಗಂಟೆ, ಇಷ್ಟು ರೂಪಾಯಿ ಸಂದಿದೆ, ಕೆಳಗೆ ಇಬ್ಬರ ಸಹಿ. ಒಂದು ಪ್ರತಿ ಮನೆಯವರಲ್ಲಿ, ಒಂದು ಪ್ರತಿ ಅವಳಲ್ಲಿ. ಮೊತ್ತ ೫,೦೦೦ ರೂಪಾಯಿಗಳನ್ನು ಮೀರಿದರೆ ರಸೀದಿಗೆ ಒಂದು ರೂಪಾಯಿನ ರೆವಿನ್ಯೂ ಸ್ಟಾಂಪು. ಅವಳಿಗೆ ಬ್ಯಾಂಕಿನ ಖಾತೆಯಿದ್ದರೆ ಹಣವನ್ನು ಖಾತೆಗೇ ಹಾಕಬಹುದು; ಆಗ ಬ್ಯಾಂಕಿನ ಪುಸ್ತಕವೇ ಸಾಕ್ಷಿ ನುಡಿಯುತ್ತದೆ. ಸೆರಗಿನ ಗಂಟಿನಿಂದ ಕುಡುಕ ಗಂಡ ಕಸಿಯಬಹುದಾದ ಹಣ ಖಾತೆಯಲ್ಲಿ ಸ್ವಲ್ಪವಾದರೂ ಸುರಕ್ಷಿತ.

ಇದರಲ್ಲಿ ಮತ್ತೊಂದು ಗುಣವಿದೆ. ನಾಳೆ ಭಾರತದ ಶಾಸನಸಭೆ ಶಿಶುಪಾಲನೆಯ ವೆಚ್ಚಕ್ಕೆ ರಿಯಾಯಿತಿ ಕೊಡಬೇಕೆಂದು ಮನಸ್ಸು ಮಾಡಿದರೂ ಮೊದಲು ಕೇಳುವ ಪ್ರಶ್ನೆ ‘ಲೆಕ್ಕವೆಲ್ಲಿ?’ ಎಂಬುದೇ ಆಗಿರುತ್ತದೆ. ರಸೀದಿಯೇ ಇಲ್ಲದ ಖರ್ಚನ್ನು ಯಾವ ಸರ್ಕಾರವೂ ಎಣಿಸಲಾರದು. ಎಣಿಸದ ಖರ್ಚಿನ ಬಗ್ಗೆ ಯಾವ ಸರ್ಕಾರವೂ ಚಿಂತಿಸದು.

ಕೈಗೆಟುಕುವ ನೆರವು

ತೆರಿಗೆಯ ದಾರಿ ಮುಚ್ಚಿದ್ದರೂ ಬೇರೆ ದಾರಿಗಳು ಅಲ್ಪಸ್ವಲ್ಪ ತೆರೆದಿವೆ. ಅವುಗಳ ತಿಳಿವಳಿಕೆ ಪ್ರತಿ ಸಂಸಾರಕ್ಕೂ ಅಗತ್ಯ. ೨೦೨೧ರಲ್ಲಿ ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ ಹೆರಿಗೆ ರಜೆಯಲ್ಲದೆ ಇಡೀ ಸೇವಾವಧಿಯಲ್ಲಿ ಒಟ್ಟು ೧೮೦ ದಿನಗಳ ಶಿಶುಪಾಲನಾ ರಜೆಯನ್ನು ಮಂಜೂರು ಮಾಡಿತು. ಕೇಂದ್ರ ಸರ್ಕಾರದ ನೌಕರರಿಗೆ ೨೦೦೮ರಿಂದಲೇ ೭೩೦ ದಿನಗಳ ರಜೆಯಿದೆ. ಐವತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ೨೦೧೭ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಯಿತು.

ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯಿದೆ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಇಂದು ಅಂಗನವಾಡಿಯಿಲ್ಲದ ಊರೇ ಅಪರೂಪ. ಆದರೆ ಬಾಗಿಲು ಮುಚ್ಚುವ ವೇಳೆಗೂ ತಾಯಿ ಬಸ್ಸಿಳಿಯುವ ವೇಳೆಗೂ ನಡುವೆ ಒಂದೆರಡು ಗಂಟೆಗಳ ಕಂದಕ ಉಳಿಯುತ್ತದೆ. ಅದಕ್ಕಿಂತ ಎಳೆಯ ಮಕ್ಕಳಿಗಾಗಿ, ಮುಖ್ಯವಾಗಿ ಕೂಲಿಗೆ ಹೋಗುವ ತಾಯಂದಿರ ಅನುಕೂಲಕ್ಕಾಗಿ, ರಾಜ್ಯ ಸರ್ಕಾರ ೨೦೨೩ರಲ್ಲಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಊರಿನ ಕೂಸಿನ ಮನೆ ನಡೆಯುತ್ತಿದೆಯೇ, ಅಲ್ಲಿನ ಆರೈಕೆದಾರರಿಗೆ ಸಂಬಳ ಸಲ್ಲುತ್ತಿದೆಯೇ ಎಂದು ವಿಚಾರಿಸುವ ಹಕ್ಕು ಪ್ರತಿ ಗ್ರಾಮಸಭೆಗೂ ಇದೆ.

ಮಕ್ಕಳನ್ನು ನೋಡಿಕೊಳ್ಳುವುದು ಬರಿಯ ಅಕ್ಕರೆಯ ಸೇವೆಯಲ್ಲ, ಕೆಲಸ ಎಂಬ ಮಾತಿಗೆ ಸರ್ವೋಚ್ಚ ನ್ಯಾಯಾಲಯದ ಬೆಂಬಲವೂ ದೊರೆತಿದೆ. ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಪಡೆಯುವ ‘ಗೌರವಧನ’ ವಾಸ್ತವವಾಗಿ ವೇತನವೇ, ಆದ್ದರಿಂದ ಅವರು ಗ್ರಾಚ್ಯುಯಿಟಿಗೆ ಅರ್ಹರು ಎಂದು ೨೦೨೨ರ ಏಪ್ರಿಲಿನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದು ತೀರ್ಪಿತ್ತಿತು. ಸರ್ಕಾರದ ಅಂಗಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂದ ಈ ಮನ್ನಣೆ ಖಾಸಗಿ ಮನೆಯ ಅಂಗಳದಲ್ಲಿ ಅದೇ ಕೆಲಸ ಮಾಡುವವಳಿಗೆ ಇನ್ನೂ ಸಂದಿಲ್ಲ.

ವರಮಾನ ತೆರಿಗೆಯ ತಃಖ್ತೆಯಲ್ಲಿ ಅವಳಿಗೆ ಅಂಕಣವಿಲ್ಲದಿರುವುದು ಕಾನೂನಿನ ಕೊರತೆ. ಅದನ್ನು ತುಂಬಬೇಕಾದುದು ಶಾಸನಸಭೆ. ಸುಳ್ಳು ರಸೀದಿಯಿಂದ ಆ ಕೊರತೆ ತುಂಬದು; ಅದು ಅವಳ ದುಡಿಮೆಯನ್ನು ಬೇರೆ ಯಾರದೋ ಹೆಸರಿಗೆ ಬರೆದು ಅವಳನ್ನು ಇನ್ನಷ್ಟು ಮರೆಮಾಡುತ್ತದೆ. ಆದರೆ ಮನೆಯ ಲೆಕ್ಕದ ಪುಸ್ತಕದಲ್ಲಿ ಅವಳಿಗೊಂದು ಸಾಲು ತೆರೆಯಲು ಯಾವ ಶಾಸನವೂ ಬೇಕಾಗಿಲ್ಲ. ಮುಂದಿನ ತಿಂಗಳ ಮೊದಲ ವಾರ ಹಣವನ್ನು ಅವಳ ಕೈಗಿಡುವಾಗ ಹೆಸರು, ದಿನ, ಮೊತ್ತ ಇಷ್ಟನ್ನು ಅವಳಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಅವಳಿಗೇ ಕೊಡಲಿ. ಲೆಕ್ಕಕ್ಕೆ ಬಂದ ಕೆಲಸಕ್ಕೆ ಬೆಲೆ ತಡವಾಗಿಯಾದರೂ ಬರುತ್ತದೆ.